ಲಾಲ್‌ಬಾಗ್ ಬಿಡಿ, ಕಬ್ಬನ್ ಪಾರ್ಕ್ ಹಿಡಿಯಿರಿ

ಊರು ಸುತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಶನಿವಾರ, ಭಾನುವಾರ ಬೆಂಗಳೂರಿಗೆ ಬರುತ್ತೇವೆ, ಏನು ನೋಡೋದು, ಎಲ್ಲಿ ಇಳಿಯೋದು, ಎಲ್ಲಿ ತಿನ್ನೋದು. ಮೊದಲ ಪತ್ರ ಸ್ವಲ್ಪ ಉದ್ದ ಇದೆ, ಉತ್ತರ ಇನ್ನೂ ಉದ್ದ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕೆಲವು ಪ್ರಶ್ನೆಗಳಿಗೂ ಅದರಲ್ಲೇ ಉತ್ತರ ಸಿಗುತ್ತದೆ.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ್ರಿ. ನಾನು, ನಮ್ಮ ಮನೆಯವರು, ಮಗಳು, ಅತ್ತೆಯವರು ಕೂಡಿ ಬೆಂಗಳೂರಿಗೆ ಬರೋ ವಿಚಾರ ಮಾಡೇವಿ. ಶುಕ್ರವಾರ ರಾತ್ರಿ ರೈಲು ಹತ್ತಿದ್ರ ಶನಿವಾರ ಮುಂಜಾನೆ ಮೆಜೆಸ್ಟಿಕ್. ಭಾನುವಾರ ರಾತ್ರಿ ವಾಪಸ್. ಮಗಳು ಆರ್ಕಿಟೆಕ್ಚರ್ ಓದಾಕತ್ತಾಳ, ಅಕಿಗೆ ಕಟ್ಟಡ, ಚಿತ್ರ ಅಂದ್ರ ಜೀವ. ಅತ್ತೆಯವರಿಗೆ ಮೊಣಕಾಲು ನೋವು. ಒಂದ ರಾತ್ರಿ ಆದ್ರೂ ಹಳೇ ಕಾಲದ ದೊಡ್ಡ ಹೋಟೆಲ್‌ನ್ಯಾಗ ಇರಬೇಕು ಅನ್ನೋದು ನನ್ನ ಆಸೆ. ಅದಕ್ಕಂತ ರೊಕ್ಕ ತೆಗೆದಿಟ್ಟೇನಿ. ನಮ್ಮ ಪಟ್ಟಿ ಹಿಂಗದ: ಲಾಲ್‌ಬಾಗ್, ಬೆಂಗಳೂರು ಅರಮನೆ, ಟಿಪ್ಪು ಅರಮನೆ, ಇಸ್ಕಾನ್, ದೊಡ್ಡ ಬಸವಣ್ಣ, ವಿಧಾನಸೌಧ, ಬನ್ನೇರುಘಟ್ಟ, ಎಂಟಿಆರ್. ಎರಡು ದಿನಕ್ಕ ಆಗತೈತೇನ್ರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಆಗೋದಿಲ್ರೀ. ಆ ಪಟ್ಟಿ ಹಿಡಿದು ಹೊರಟರೆ ನೀವು ನೋಡುವುದು ಟ್ಯಾಕ್ಸಿ ಕಿಟಕಿ, ಸಿಗ್ನಲ್ಲು, ಮೆಟ್ರೋ ಕಂಬ. ಬನ್ನೇರುಘಟ್ಟಕ್ಕೆ ಹೋಗಿ ಬರುವುದರಲ್ಲೇ ಒಂದು ದಿನ ಕಳೆಯುತ್ತದೆ. ಇಸ್ಕಾನ್ ಒಂದು ದಿಕ್ಕು, ಬಸವನಗುಡಿ ಇನ್ನೊಂದು ದಿಕ್ಕು. ಅತ್ತೆಯವರ ಮೊಣಕಾಲು ಶನಿವಾರ ಮಧ್ಯಾಹ್ನಕ್ಕೇ ಮುಷ್ಕರ ಹೂಡುತ್ತದೆ.

ನಾನು ಕಟ್ಟಡದ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ ಮಾಡಿದವಳು. ಹಾಗಾಗಿ ಊರು ನೋಡುವುದಕ್ಕೆ ನನ್ನದು ಒಂದೇ ಲೆಕ್ಕ: ಉಳಿದುಕೊಳ್ಳುವ ಜಾಗ, ನೋಡುವ ಜಾಗ, ತಿನ್ನುವ ಜಾಗ ಮೂರೂ ಒಂದೇ ಏರಿಯಾದಲ್ಲಿ ಇರಬೇಕು. ನಿಮ್ಮ ವಿಷಯದಲ್ಲಿ ಆ ಏರಿಯಾ ಕಬ್ಬನ್ ಪಾರ್ಕ್ ಮತ್ತು ಅದರ ವಾಯುವ್ಯಕ್ಕಿರುವ ಹೈಗ್ರೌಂಡ್ಸ್. ಲಾಲ್‌ಬಾಗ್, ಟಿಪ್ಪು ಅರಮನೆ, ಬಸವಣ್ಣ, ಎಂಟಿಆರ್ ಎಲ್ಲ ದಕ್ಷಿಣಕ್ಕಿವೆ. ಅದು ಇನ್ನೊಂದು ವೀಕೆಂಡ್. ಲಾಲ್‌ಬಾಗ್ ಬಿಡಿ ಅಂತ ಬೆಂಗಳೂರಿನವಳೇ ಹೇಳುತ್ತಾಳಲ್ಲ ಅಂತ ಅತ್ತೆಯವರು ಬೈಯಬಹುದು. ಬೈಯಲಿ.

ಶನಿವಾರ ರೈಲು ಇಳಿಯುವುದು ಬೆಳ್ಳಂಬೆಳಿಗ್ಗೆ. ದೊಡ್ಡ ಹೋಟೆಲ್‌ನಲ್ಲಿ ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಗಂಟೆಗೆ. ಬೇಗ ಕೊಡಿ ಎಂದು ಕೇಳಿದರೆ ಖಾಲಿ ಇದ್ದಾಗ ಕೊಡುತ್ತಾರೆ, ಕೊಡಲೇಬೇಕು ಅಂತೇನಿಲ್ಲ. ಬ್ಯಾಗುಗಳನ್ನಂತೂ ಇಟ್ಟುಕೊಳ್ಳುತ್ತಾರೆ. ನಾಲ್ಕು ಜನ ಸ್ನಾನ ಮಾಡಿ ಹೊರಡಬೇಕು ಅಂದರೆ ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜ್‌ನಲ್ಲಿ ಅರ್ಧ ದಿನಕ್ಕೆ ಒಂದು ರೂಮು ಹಿಡಿಯಿರಿ. ರಾತ್ರಿ ಬಸ್ಸು, ರೈಲಿನವರಿಗಾಗಿಯೇ ಇರುವ ಲಾಡ್ಜ್‌ಗಳು ಅವು. ರೂಮು ನೋಡಿದ ಮೇಲೆ ದುಡ್ಡು ಕೊಡಿ.

ತಿಂಡಿಗೆ ಮಲ್ಲೇಶ್ವರ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯಿರಿ. ಅಲ್ಲಿಂದ ಅತ್ತೆಯವರಿಗೆ ಆಟೋ. ಮಾರ್ಗೋಸಾ ರಸ್ತೆ, 7ನೇ ಅಡ್ಡರಸ್ತೆಯ ಮೂಲೆಯಲ್ಲಿ ಸಿಟಿಆರ್ ಇದೆ. ಬೋರ್ಡಿನ ಮೇಲೆ ಶ್ರೀ ಸಾಗರ್ ಅಂತಲೂ ಇರುತ್ತದೆ, ಗೊಂದಲ ಬೇಡ. ಬೆಣ್ಣೆ ಮಸಾಲೆ ದೋಸೆ ಹೇಳಿ. ಹೊರಗೆ ಗರಿ, ಒಳಗೆ ಮೆತ್ತಗೆ. ದಾವಣಗೆರೆ ಬೆಣ್ಣೆ ದೋಸೆ ತಿಂದು ಗೊತ್ತಿರುವವರು ಅದೇ ಬರುತ್ತದೆ ಅಂದುಕೊಳ್ಳಬೇಡಿ, ಇದು ಬೇರೆ ಜಾತಿ.

ಆಮೇಲೆ ಆಟೋ ಹಿಡಿದು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಹಾಲಭಾವಿಯವರು ಕಲಾಶಾಲೆ ಕಟ್ಟಿದ ಊರಿನವರು ನೀವು. ಎಂ.ಎಸ್. ನಂಜುಂಡರಾವ್ ಕಟ್ಟಿ ಬೆಳೆಸಿದ ಈ ಜಾಗವೂ ಹಿಡಿಸುತ್ತದೆ. ಸಂಸ್ಥೆ ಶುರುವಾದದ್ದು 1960ರಲ್ಲಿ. ಒಳಗೆ ಎರಡು ಕಡೆ ನಿಲ್ಲಿ. ಒಂದು, ಸ್ವೆತೊಸ್ಲಾವ್ ರೋರಿಕ್ ಚಿತ್ರಗಳು. ಈ ರಷ್ಯನ್ ಕಲಾವಿದರು ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದರು. ಎರಡು, ತೊಗಲು ಬೊಂಬೆಗಳು. ಚರ್ಮದ ಮೇಲೆ ಹೊಡೆದ ಒಂದೊಂದು ತೂತೂ ಒಂದು ಗೆರೆಯ ಕೆಲಸ ಮಾಡುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ಅದೇ ಒಡವೆ, ಅದೇ ಸೀರೆ ಅಂಚು. ಮಗಳಿಗೆ ಜಾಲಂಧ್ರದ, ಅಂದರೆ ತೂತು ಬಿಟ್ಟು ಕೊರೆದ ಜಾಲರಿ ಕಿಟಕಿಯ ಪಾಠ ಇಲ್ಲೇ ಆಗುತ್ತದೆ. ಅತ್ತೆಯವರು ಊರ ಜಾತ್ರೆಯಲ್ಲಿ ಬೊಂಬೆಯಾಟ ನೋಡಿದವರಾದರೆ ಅವರೇ ನಿಮಗೆಲ್ಲ ಗೈಡ್.

ಈಗ ನಿಮ್ಮ ಆಸೆಯ ಹೋಟೆಲು. ಹಳೇ ಕಾಲದ್ದು ಬೇಕು, ಇದೇ ಏರಿಯಾದಲ್ಲಿ ಬೇಕು ಅಂದರೆ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್. ಈಗ ತಾಜ್‌ನವರದು. 1887ರಲ್ಲಿ ಬ್ರಾನ್ಸನ್ ಅನ್ನುವ ಮೇಡಂ ಒಬ್ಬರು ನಡೆಸುತ್ತಿದ್ದ ಬೋರ್ಡಿಂಗ್ ಹೌಸ್‌ನಿಂದ ಬೆಳೆದದ್ದು. ಸುಮಾರು 20 ಎಕರೆ ತೋಟ. ಇಲ್ಲಿ ದುಡ್ಡು ಕೊಡುವುದು ಹಾಸಿಗೆಗಲ್ಲ, ಮರಗಳಿಗೆ. ಎತ್ತರದ ಕಟ್ಟಡ ಕಟ್ಟದೆ ತೋಟದ ತುಂಬ ತಗ್ಗು ಕಟ್ಟಡಗಳನ್ನು ಚೆದುರಿಸಿದ್ದಾರೆ. ಅದೇ ಅದರ ಚೆಂದ, ಅತ್ತೆಯವರಿಗೆ ಅದೇ ತೊಂದರೆ. ರೂಮು ರಿಸೆಪ್ಷನ್‌ನಿಂದ ದೂರ ಸಿಗಬಹುದು. ಬುಕ್ ಮಾಡುವಾಗಲೇ 'ಹಿರಿಯರಿದ್ದಾರೆ, ನೆಲಮಹಡಿ, ಹತ್ತಿರದ ರೂಮು' ಅಂತ ಫೋನಿನಲ್ಲಿ ಹೇಳಿ. ಭಾನುವಾರ ರಾತ್ರಿಯ ರೇಟು ಶನಿವಾರಕ್ಕಿಂತ ಕಡಿಮೆ ಇರುವುದುಂಟು, ಆದರೆ ನಿಮ್ಮ ರೈಲು ಅದಕ್ಕೆ ಬಿಡುವುದಿಲ್ಲ. ತೆರಿಗೆ ಸೇರಿಸಿ ಎಷ್ಟಾಗುತ್ತದೆ, ಬೆಳಿಗ್ಗೆ ತಿಂಡಿ ಸೇರಿದೆಯಾ, ನಾಲ್ಕನೆಯವರಿಗೆ ಹಾಸಿಗೆ ಹಾಕುತ್ತಾರಾ ಅನ್ನುವ ಮೂರನ್ನೂ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ.

ರೇಟು ಕೇಳಿ ಎದೆ ಧಸಕ್ ಅಂದರೆ ಇನ್ನೊಂದು ದಾರಿ ಇದೆ. ಸಾದಾ ರೂಮು ಹಿಡಿದು ಅಲ್ಲಿಗೆ ಸಂಜೆ ಚಹಾಕ್ಕೆ ಮಾತ್ರ ಹೋಗಿ. ಫೋನ್ ಮಾಡಿ ಟೇಬಲ್ ಹೇಳಿಟ್ಟರೆ ಆಯಿತು. ಒಂದು ಗಂಟೆ ಕೂತು, ಆ ಮರಗಳನ್ನು ನೋಡಿ, ಚಹಾದ ಬಿಲ್ಲಿಗೆ ಸ್ವಲ್ಪ ನಕ್ಕು ಎದ್ದು ಬನ್ನಿ. ನಾನಂತೂ ಇದನ್ನೇ ಮಾಡುವವಳು.

ಮಧ್ಯಾಹ್ನ ಅತ್ತೆಯವರು ಮಲಗಲಿ. ನೀವು ಮೂವರು ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇಲ್ಲಿ ಬಾಗಿಲು ತೆರೆದದ್ದು 2009ರಲ್ಲಿ. ಈ ಬಂಗಲೆ ಒಂದು ಕಾಲಕ್ಕೆ ಮೈಸೂರು ಯುವರಾಜರದ್ದು, ಆಮೇಲೆ ಮಾಣಿಕ್ಯವೇಲು ಮೊದಲಿಯಾರ್ ಅವರ ಕೈಗೆ ಬಂತು. ಮಗಳಿಗೆ ಒಂದು ಕೆಲಸ ಕೊಡಿ. ಹಳೇ ಬಂಗಲೆ ಎಲ್ಲಿ ಮುಗಿಯುತ್ತದೆ, ಹೊಸ ಕಟ್ಟಡ ಎಲ್ಲಿ ಶುರುವಾಗುತ್ತದೆ, ನಡುವೆ ಏನು ಬಿಟ್ಟಿದ್ದಾರೆ ಅಂತ ಒಂದು ಪುಟ್ಟ ನಕ್ಷೆ ಬರೆಯಲಿ. ಹೊಸದು ಹಳೆಯದರ ಹಿಂದೆ ನಿಂತಿದೆ, ಮುಂದೆ ನುಗ್ಗಿಲ್ಲ. ಮರಗಳನ್ನು ಉಳಿಸಿಕೊಂಡಿದ್ದಾರೆ. ಈ ಊರಲ್ಲಿ ಹಳೇ ಬಂಗಲೆ ಅಂದರೆ ಒಡೆದು ಅಪಾರ್ಟ್‌ಮೆಂಟು ಎಬ್ಬಿಸುವುದೇ ರೂಢಿ, ಹಾಗಾಗಿ ನನಗೆ ಈ ಜಾಗದ ಮೇಲೆ ಪಕ್ಷಪಾತ ಇದೆ. ಚಿತ್ರಗಳನ್ನು ಆಗಾಗ ಬದಲಾಯಿಸುತ್ತಾರೆ. ಸೋಮವಾರ ರಜೆ.

ಭಾನುವಾರ ಪೂರ್ತಿ ಕಬ್ಬನ್ ಪಾರ್ಕಿಗೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ಕಾರು, ಸ್ಕೂಟರ್ ಬಿಡುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಶನಿವಾರ, ಭಾನುವಾರವನ್ನು ಅದಲುಬದಲು ಮಾಡಬೇಡಿ ಅನ್ನುವುದು. ಅತ್ತೆಯವರು ಕಲ್ಲು ಬೆಂಚಿನ ಮೇಲೆ ಕೂತು ಜನ ನೋಡಬಹುದು. ನಾಯಿಗಳನ್ನೂ ನೋಡಬಹುದು, ಭಾನುವಾರ ಬೆಂಗಳೂರಿನ ನಾಯಿಗಳೆಲ್ಲ ಅಲ್ಲೇ ಇರುತ್ತವೆ. ಪಾರ್ಕು ಶುರುವಾದದ್ದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಾಲದಲ್ಲಿ. ಒಳಗಿನ ಕೆಂಪು ಕಟ್ಟಡ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರದ್ದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಅದರ ಹಿಂಬದಿಯ ದುಂಡನೆಯ ಗೋಡೆಯನ್ನು ಒಂದು ಸುತ್ತು ಹೊಡೆದು ನೋಡಿ. ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಪಾರ್ಕಿನ ಉತ್ತರದ ತುದಿಗೆ ಅಠಾರಾ ಕಚೇರಿ, ಅಂದರೆ ಹೈಕೋರ್ಟು. 1868ರಲ್ಲಿ ಕಟ್ಟಿ ಮುಗಿಸಿದ್ದು. ರಸ್ತೆಯ ಆಚೆ ವಿಧಾನಸೌಧ, 1956. ಅಂಬೇಡ್ಕರ್ ಬೀದಿಯಲ್ಲಿ ಸ್ವಲ್ಪ ಮುಂದಕ್ಕೆ ವಿಶ್ವೇಶ್ವರಯ್ಯ ಟವರ್, ಚಾರ್ಲ್ಸ್ ಕೊರಿಯಾ ವಿನ್ಯಾಸ, 1970ರ ದಶಕದ ಕೆಲಸ. ಒಂದೇ ಬೀದಿಯಲ್ಲಿ ಸರಕಾರದ ಕಚೇರಿ ಮೂರು ಕಾಲದಲ್ಲಿ ಮೂರು ವೇಷ ಹಾಕಿದ್ದನ್ನು ಇಷ್ಟು ಹತ್ತಿರದಲ್ಲಿ ಬೇರೆ ಎಲ್ಲಿ ನೋಡುತ್ತೀರಿ? ಮೊದಲನೆಯದು ಬ್ರಿಟಿಷರದ್ದು, ಗ್ರೀಕ್ ಮಾದರಿಯ ಕಂಬಗಳು. ಎರಡನೆಯದು ಅದಕ್ಕೆ ಎದುರುತ್ತರ.

ಈ ಎದುರುತ್ತರದ ಕಥೆ ಮಗಳಿಗೆ ಹೇಳಿ. ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ, ಯೋಜನೆ ಚಿಕ್ಕದು. ಆಮೇಲೆ ಬಂದ ಕೆಂಗಲ್ ಹನುಮಂತಯ್ಯ ನಕ್ಷೆಯನ್ನೇ ಬದಲಾಯಿಸಿದರು. ದ್ರಾವಿಡ ಶೈಲಿ ಬೇಕು, ಕಲ್ಲು ನಮ್ಮದೇ ಬೇಕು ಅಂದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದನ್ನು ಎಬ್ಬಿಸಿ ನಿಲ್ಲಿಸಿದರು. ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಎದುರಿನ ಮೊಗಸಾಲೆಯ 12 ಗ್ರಾನೈಟ್ ಕಂಬಗಳು 40 ಅಡಿ ಎತ್ತರ. ಕಟ್ಟಡ ಮುಗಿಯುವ ಹೊತ್ತಿಗೆ ಹನುಮಂತಯ್ಯ ಮುಖ್ಯಮಂತ್ರಿ ಆಗಿರಲಿಲ್ಲ. ಪಕ್ಕದ ವಿಕಾಸಸೌಧ 2005ರದ್ದು, ಇದರದೇ ನಕಲು. ನನಗೆ ಅದು ಇಷ್ಟವಿಲ್ಲ. ಕೊರಿಯಾ ಪಕ್ಕದಲ್ಲೇ ಬೇರೆ ದಾರಿ ತೋರಿಸಿದ ಮೇಲೂ ಮತ್ತೆ ಗೋಪುರಕ್ಕೇ ಹೋದರಲ್ಲ ಅಂತ ಬೇಜಾರು.

ವಿಧಾನಸೌಧದ ಒಳಗೂ ನೋಡಬಹುದು. 2025ರಿಂದ ಪ್ರವಾಸೋದ್ಯಮ ಇಲಾಖೆ ಗೈಡ್ ಜೊತೆ ಒಳಗೆ ಕರೆದೊಯ್ಯುತ್ತಿದೆ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಎದುರಿನ ಮೆಟ್ಟಿಲೇ 45. ಅತ್ತೆಯವರನ್ನು ಕರೆದುಕೊಂಡು ಹೋಗುವ ಮೊದಲು ಲಿಫ್ಟ್ ವಿಷಯ ಕೇಳಿಕೊಳ್ಳಿ.

ಹೈಕೋರ್ಟಿನದ್ದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1980ರ ದಶಕದಲ್ಲಿ ಈ ಕಟ್ಟಡವನ್ನು ಒಡೆಯುವ ಪ್ರಸ್ತಾಪ ಬಂದಿತ್ತು. ಬೇಡ ಅಂತ ಜನ ಕೋರ್ಟಿಗೆ ಹೋದರು. ಕೇಸು ನಡೆದದ್ದು ಅದೇ ಕಟ್ಟಡದ ಒಳಗೆ. ಕಟ್ಟಡ ಉಳಿಯಿತು.

ಮಧ್ಯಾಹ್ನದ ಊಟಕ್ಕೆ ಎರಡು ದಾರಿ. ಸಸ್ಯಾಹಾರ ಸಾಕು, ಮರದ ಕೆಳಗೆ ಕೂರಬೇಕು ಅಂದರೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್. ಅಡುಗೆ ಸುಮಾರು, ಜಾಗ ಸೊಗಸು. ಮಾಂಸ, ಮೀನು ತಿನ್ನುವವರಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಅಲ್ಲಿ ಜನ ಊಟಕ್ಕಿಂತ ಹರಟೆಗೆ ಬರುತ್ತಾರೆ. ತಟ್ಟೆ ತಡವಾಗಿ ಬಂತು ಅಂತ ಕೂಗಾಡಬೇಡಿ, ಪಕ್ಕದ ಟೇಬಲಿನವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಊಟ ಆದ ಮೇಲೆ ಕಸ್ತೂರಬಾ ರಸ್ತೆ. ಸರಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ. ಸರಕಾರಿ ಗ್ಯಾಲರಿಗಳು ದುರಸ್ತಿ ಅಂತ ಆಗಾಗ ಬಾಗಿಲು ಹಾಕುತ್ತವೆ, ಹೊರಡುವ ಮೊದಲು ವಿಚಾರಿಸಿ. ತೆರೆದಿದ್ದರೆ ಕೆ. ವೆಂಕಟಪ್ಪನವರ ಊಟಿ ಜಲವರ್ಣಗಳನ್ನು ಬಿಡಬೇಡಿ. ನಾಲ್ವಡಿಯವರ ಆಶ್ರಯದಲ್ಲಿದ್ದ ಕಲಾವಿದ, ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರ್ ಶಿಷ್ಯ, ವೀಣೆ ಕಲಿತದ್ದು ವೀಣೆ ಶೇಷಣ್ಣನವರ ಹತ್ತಿರ. ಮಂಜು ಬೆಟ್ಟದಿಂದ ಇಳಿಯುವುದನ್ನು ಅಷ್ಟು ತೆಳು ಬಣ್ಣದಲ್ಲಿ ಹಿಡಿದವರು ನಮ್ಮಲ್ಲಿ ಕಡಿಮೆ.

ಅದೇ ರಸ್ತೆಯಲ್ಲಿ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ. 2023ರ ಫೆಬ್ರುವರಿಯಲ್ಲಿ ತೆರೆದದ್ದು, ಮ್ಯಾಥ್ಯೂ ಅಂಡ್ ಘೋಷ್ ಅವರ ವಿನ್ಯಾಸ. ಉಕ್ಕಿನ ತಗಡು ಹೊದ್ದ ಪೆಟ್ಟಿಗೆ, ತಗಡಿನ ತುಂಬ ಅಚ್ಚೊತ್ತಿದ ಗುರುತು. ನೀರಿನ ಟ್ಯಾಂಕಿನಿಂದ ಬಂದ ಕಲ್ಪನೆ ಅದು. ಕೆಲವರಿಗೆ ಇದು ಗೋಡೌನ್ ಥರ ಕಾಣುತ್ತದಂತೆ. ನನಗೆ ಹಿಡಿಸಿದೆ. ಹಳೇ ಕಂಬ, ಹಳೇ ಕಮಾನು ಅಂತ ನಾಟಕ ಆಡಿಲ್ಲ. ಲಿಫ್ಟ್ ಇದೆ, ವೀಲ್‌ಚೇರ್‌ಗೆ ಒಗ್ಗುವ ಕಟ್ಟಡ, ಅತ್ತೆಯವರಿಗೆ ತೊಂದರೆಯಿಲ್ಲ. ರವಿವರ್ಮನ ಅಚ್ಚುಚಿತ್ರ, ಸಿನಿಮಾ ಪೋಸ್ಟರು, ಜ್ಯೋತಿ ಭಟ್ಟರು ತೆಗೆದ ಫೋಟೋ ಎಲ್ಲ ಇವರ ಸಂಗ್ರಹದಲ್ಲಿವೆ, ಯಾವುದನ್ನು ಯಾವಾಗ ತೂಗುಹಾಕುತ್ತಾರೆ ಅನ್ನುವುದು ಪ್ರದರ್ಶನದ ಮೇಲೆ. ಇದಕ್ಕೂ ಸೋಮವಾರ ರಜೆ. ನಿನ್ನೆಯ ಮಾಣಿಕ್ಯವೇಲು ಬಂಗಲೆ ಮತ್ತು ಇವತ್ತಿನ ಉಕ್ಕಿನ ಪೆಟ್ಟಿಗೆ, ಯಾವುದರಲ್ಲಿ ಚಿತ್ರ ಚೆನ್ನಾಗಿ ಕಂಡಿತು ಅಂತ ಮಗಳನ್ನು ಕೇಳಿ. ಕಾಲೇಜಿನಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆಯಬಹುದು.

ಸಂಜೆ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್. 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು. ಅದೇ ಬೀದಿಯಲ್ಲಿ ಹಳೇ ಪುಸ್ತಕದ ಅಂಗಡಿಗಳಿವೆ, ಮಗಳ ಕೈಗೆ ದುಡ್ಡು ಕೊಟ್ಟು ಒಳಗೆ ಬಿಡಬೇಡಿ, ರೈಲು ತಪ್ಪುತ್ತದೆ. ಭಾನುವಾರ ಸಂಜೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ. ಎಂ.ಜಿ. ರಸ್ತೆಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ನೋಡಿ, ಮತ್ತೆ ಹತ್ತಿದರೆ ಎರಡನೇ ಸ್ಟಾಪು ಮೆಜೆಸ್ಟಿಕ್. ಬ್ಯಾಗುಗಳನ್ನು ಮಾತ್ರ ಮಧ್ಯಾಹ್ನವೇ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಟ್ಟಿರಿ.

ಪ್ರಶ್ನೆ: ಮೇಡಂ, ನಾನು ಮಂಗಳೂರಿನವನು, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಇಷ್ಟು ವರ್ಷದಲ್ಲಿ ಹಳೆ ಬೆಂಗಳೂರು ಮನೆ ಅಂತ ಒಂದನ್ನೂ ಸರಿಯಾಗಿ ನೋಡಿಲ್ಲ. 'ಮಂಕಿ ಟಾಪ್' ಮನೆ ಅಂದರೆ ಏನು? ಇನ್ನೂ ಉಳಿದಿವೆಯಾ?

ಉತ್ತರ: ಉಳಿದಿವೆ, ಬೇಗ ನೋಡಿ. ಕಿಟಕಿ, ಮೊಗಸಾಲೆಗಳ ಮೇಲೆ ಮರದ ಪಟ್ಟಿ ಜೋಡಿಸಿ ಚೂಪಾಗಿ ಮುಂದಕ್ಕೆ ಇಳಿಬಿಟ್ಟಿರುತ್ತಾರೆ. ಕಿಟಕಿಗೆ ಟೋಪಿ ಹಾಕಿದ ಹಾಗೆ. ಮಳೆ ಹೊಡೆಯುವುದಿಲ್ಲ, ಬಿಸಿಲು ಸೋಸಿ ಬರುತ್ತದೆ, ಗಾಳಿ ಆಡುತ್ತದೆ. ರಿಚ್ಮಂಡ್ ಟೌನ್, ಕುಕ್ ಟೌನ್ ಕಡೆಯ ಅಡ್ಡರಸ್ತೆಗಳಲ್ಲಿ ಹುಡುಕಿ. ಬಸವನಗುಡಿ, ಮಲ್ಲೇಶ್ವರದಲ್ಲೂ ಇವೆ. 1898ರ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಡಿಸಲು ಮಾಡಿದ ಬಡಾವಣೆಗಳು ಇವೆರಡೂ. ಅಗಲ ರಸ್ತೆ, ಮನೆ ಹಿಂದೆ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ, ಎಲ್ಲ ಆ ಭಯದಿಂದ ಬಂದದ್ದು.

ನೀವು ಮಂಗಳೂರಿನವರಾದ್ದರಿಂದ ತಲೆ ಎತ್ತಿ ಚಾವಣಿ ನೋಡಿ. ಬಾಸೆಲ್ ಮಿಷನ್ 1865ರಲ್ಲಿ ನಿಮ್ಮೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಮಾಲು ಇಲ್ಲಿಯವರೆಗೂ ಬಂದಿದೆ. ಕಾಂಪೌಂಡಿಗೆ ಮಾತ್ರ ನಮ್ಮದೇ ಚಪ್ಪಡಿ ಕಲ್ಲು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾಯಿಸಿ, ಪದರ ಪದರವಾಗಿ ಎಬ್ಬಿಸುತ್ತಿದ್ದರು. ಅದನ್ನೇ ಸಾಲಾಗಿ ನಿಲ್ಲಿಸಿದರೆ ಬೇಲಿ, ಅಡ್ಡ ಮಲಗಿಸಿದರೆ ಚಾವಣಿ, ಚರಂಡಿ ಮೇಲೆ ಹಾಸಿದರೆ ಫುಟ್‌ಪಾತು. ನಮ್ಮ ಅಜ್ಜನ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೂ ಅದೇ ಆಗಿತ್ತು.

ಗೇಟು ತೆರೆದುಕೊಂಡು ಒಳಗೆ ನುಗ್ಗಬೇಡಿ, ಅಲ್ಲಿ ಜನ ವಾಸ ಇದ್ದಾರೆ. ಜಗಲಿಯಲ್ಲಿ ಅಜ್ಜಿ ಕೂತಿದ್ದರೆ ಮಾತಾಡಿಸಿ, ಕೆಲವೊಮ್ಮೆ ಒಳಗೆ ಕರೆದು ಕಾಫಿಯನ್ನೂ ಕೊಡುತ್ತಾರೆ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರು ಪಾರಂಪರಿಕ ನಡಿಗೆ ನಡೆಸುತ್ತಾರೆ. ಅವರ ಜೊತೆ ಹೋದರೆ ಒಂಟಿಯಾಗಿ ಓಡಾಡಿದಾಗ ಕಾಣದ್ದು ಜಾಸ್ತಿ ಕಾಣುತ್ತದೆ.

ಪ್ರಶ್ನೆ: ವಿದ್ಯಾರ್ಥಿ ಭವನವೋ ಸಿಟಿಆರೋ ಅಂತ ನಮ್ಮ ಮನೆಯಲ್ಲಿ ಜಗಳ. ತೀರ್ಪು ಕೊಡಿ. ಎಂಟಿಆರ್‌ನಲ್ಲಿ ಅಷ್ಟು ಹೊತ್ತು ಕಾಯುವುದು ದಂಡವಾ?
— ತುಮಕೂರಿನ ದಂಪತಿ

ಉತ್ತರ: ಗಂಡಹೆಂಡತಿ ಜಗಳದಲ್ಲಿ ತೀರ್ಪು ಕೊಡುವಷ್ಟು ದಡ್ಡಿ ನಾನಲ್ಲ. ದೋಸೆ ಮಾತ್ರ ಹೇಳುತ್ತೇನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ದೋಸೆ ದಪ್ಪ, ಹೊರಮೈ ಗರಿಗರಿ, ಜೊತೆಗೆ ಚಟ್ನಿ. ಸಾಂಬಾರು ಕೇಳಬೇಡಿ. ತೋಳಿನ ಮೇಲೆ ತಟ್ಟೆ ಪೇರಿಸಿಕೊಂಡು ಬರುವವರನ್ನು ನೋಡುವುದಕ್ಕೇ ಅರ್ಧ ಜನ ಹೋಗುತ್ತಾರೆ. ಶುಕ್ರವಾರ ರಜೆ. ಸಿಟಿಆರ್ ದೋಸೆಯ ಬಗ್ಗೆ ಮೇಲೆ ಬರೆದಿದ್ದೇನೆ. ನಾನು ಬಸವನಗುಡಿಯವಳು, ನನ್ನ ಓಟು ಯಾರಿಗೆ ಅಂತ ಊಹಿಸಿಕೊಳ್ಳಿ.

ಎಂಟಿಆರ್‌ನಲ್ಲಿ ಮಸಾಲೆ ದೋಸೆಗಿಂತ ರವೆ ಇಡ್ಲಿಗೆ ಕಾಯಿರಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಅವರೇ ರವೆಯಲ್ಲಿ ಮಾಡಿದ ಪ್ರಯೋಗ. ಇವತ್ತು ಕರ್ನಾಟಕದ ದರ್ಶಿನಿ ದರ್ಶಿನಿಯಲ್ಲೂ ಇದೆ. ಕುಂದಾಪುರದ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರುಮಾಡಿದ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಗೆ ಸರಕಾರ ಕಡಿಮೆ ದರ ಕಟ್ಟಿದಾಗ ಗುಣಮಟ್ಟ ಇಳಿಸುವುದಿಲ್ಲ ಅಂತ ಹೋಟೆಲ್ ಮುಚ್ಚಿ ಪ್ಯಾಕೆಟ್ ಪುಡಿ, ಮಿಕ್ಸ್ ಮಾರಲು ಇಳಿದರು. ಈಗ ನಿಮ್ಮ ಅಡುಗೆಮನೆಯಲ್ಲಿರುವ ಪೊಟ್ಟಣಕ್ಕೆ ಮೂಲ ಅದು. ಕಾಯುವುದು ದಂಡವಾ ಅಂದರೆ, ಭಾನುವಾರ ಒಂಬತ್ತಕ್ಕೆ ದಂಡ. ವಾರದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಅಲ್ಲ. ಸೋಮವಾರ ರಜೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಇಡ್ಲಿ, ದೋಸೆ. ಮಂಡ್ಯದ ನಮಗೆ ಒಂದು ಒಳ್ಳೆ ಮುದ್ದೆ, ಮಟನ್ ಸಾರು ಹೇಳಬಾರದಾ ಅಕ್ಕ?

ಉತ್ತರ: ಮಂಡ್ಯದವರಿಗೆ ಮುದ್ದೆ ತೋರಿಸೋಕೆ ನಾನು ಯಾರಪ್ಪಾ! ಆದರೂ ಕೇಳಿದಿರಿ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ 1908ರಿಂದ ಇದೆ. ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್‌ನಲ್ಲಿ ದೊನ್ನೆ ಬಿರಿಯಾನಿ. ಈ ಮಿಲಿಟರಿ ಹೋಟೆಲ್‌ಗಳ ಹಿಂದೆ ಇಲ್ಲಿ ನೆಲೆಸಿದ ಮರಾಠಿಗರ ಕೈ ಇದೆ ಅನ್ನುತ್ತಾರೆ. ಶಿವಾಜಿಯ ತಂದೆ ಶಹಾಜಿಗೆ 17ನೇ ಶತಮಾನದಲ್ಲಿ ಬೆಂಗಳೂರು ಜಹಗೀರಾಗಿ ಸಿಕ್ಕಿತ್ತಲ್ಲ, ಆ ಕಾಲದಿಂದಲೂ ಅವರು ಈ ಊರಲ್ಲಿದ್ದಾರೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಹೋಗಿ. ಎರಡೂವರೆಗೆ ಹೋಗಿ 'ಕಾಲು ಸೂಪ್ ಇಲ್ವಾ' ಅಂದರೆ ಸಪ್ಲೈಯರ್ ನಿಮ್ಮ ಮುಖ ನೋಡಿ ನಗುತ್ತಾನೆ.

ಪ್ರಶ್ನೆ: ಗ್ಯಾಲರಿ ಒಳಗೆ ಹೋದರೆ ಏನೂ ಅರ್ಥವಾಗುವುದಿಲ್ಲ. ಬಾಗಿಲಲ್ಲೇ ಹೆದರಿಕೆ. ನಮ್ಮಂಥವರು ಹೋಗಬಹುದಾ?
— ಗೃಹಿಣಿ, ಹಾಸನ

ಉತ್ತರ: ಹೋಗಬಹುದು, ಹೋಗಲೇಬೇಕು. ಒಮ್ಮೆ ಒಂದು ಖಾಸಗಿ ಗ್ಯಾಲರಿಯ ಬಾಗಿಲಲ್ಲಿ ಕಾವಲಿನವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ 'ಯಾರನ್ನು ನೋಡಬೇಕು?' ಅಂದ. 'ಚಿತ್ರ ನೋಡಬೇಕು' ಅಂದೆ. ಪಕ್ಕಕ್ಕೆ ಸರಿದ. ನೀವೂ ಅಷ್ಟೇ ಹೇಳಿ.

ಒಳಗೆ ಹೋದ ಮೇಲೆ ಎಲ್ಲ ಚಿತ್ರ ನೋಡಬೇಡಿ. ಬೇಗ ಒಂದು ಸುತ್ತು ಹಾಕಿ. ಕಾಲು ತಾನಾಗಿ ನಿಂತ ಜಾಗದಲ್ಲಿ ನಿಲ್ಲಿ. ಮೊದಲು ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ, ಆಮೇಲೆ ಬಣ್ಣ ದಪ್ಪವೋ ತೆಳುವೋ ನೋಡಿ, ಆಮೇಲೆ ಚೀಟಿ ಓದಿ. ಚೀಟಿ ಮೊದಲು ಓದಿದರೆ ಚಿತ್ರದ ಬದಲು ಹೆಸರು ನೋಡುತ್ತೀರಿ. ರಂಗೋಲಿ ಬಿಡಿಸುವವರಿಗೆ ಗೆರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ತಕರಾರು ನನ್ನದೂ ಇದೆ. ಬೆಂಗಳೂರಿನಲ್ಲೇ ಕನ್ನಡದ ಚೀಟಿ ಇಲ್ಲದ ಗ್ಯಾಲರಿಗಳಿವೆ. ಅಭಿಪ್ರಾಯ ಪುಸ್ತಕ ಇಟ್ಟಿದ್ದರೆ ಅದರಲ್ಲಿ ಕನ್ನಡದಲ್ಲೇ ಬರೆದು ಬನ್ನಿ. ನಾನು ಬರೆಯುತ್ತಲೇ ಇದ್ದೇನೆ.

ಮೊದಲ ಸಲಕ್ಕೆ ಹೆದರಿಕೆ ಜಾಸ್ತಿ ಅನಿಸಿದರೆ ಚಿತ್ರಸಂತೆಗೆ ಬನ್ನಿ. 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಕುಮಾರಕೃಪಾ ರಸ್ತೆಯ ಎರಡೂ ಬದಿಗೆ ಚಿತ್ರ, ಬರೆದವರು ಪಕ್ಕದಲ್ಲೇ ನಿಂತಿರುತ್ತಾರೆ. ಬಾಗಿಲೇ ಇಲ್ಲ. ಏನು ಬೇಕಾದರೂ ಕೇಳಿ. ಚೌಕಾಸಿಯನ್ನು ಮಾತ್ರ ತರಕಾರಿ ಅಂಗಡಿಯ ಮಟ್ಟಕ್ಕೆ ಇಳಿಸಬೇಡಿ.

ಪ್ರಶ್ನೆ: ಚರ್ಚಿಲ್ ಬೆಂಗಳೂರಿನಲ್ಲಿ ಸಾಲ ಮಾಡಿ ಹೋದದ್ದು ನಿಜವಾ? ಆ ಲೆಕ್ಕದ ಪುಸ್ತಕ ನಮಗೆ ನೋಡಲು ಸಿಗುತ್ತದಾ?
— ವಿದ್ಯಾರ್ಥಿ, ಕೋಲಾರ

ಉತ್ತರ: ನಿಜ. 1896ರಲ್ಲಿ ಇಲ್ಲಿನ ದಂಡಿಗೆ ಬಂದ ಹುಡುಗ ಅಧಿಕಾರಿ ಆತ. ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಸಾಲಿನಲ್ಲಿ, ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಇದೆ. ನಾವು ತೀರಿಸುತ್ತೇವೆ ಅಂತ ಎಷ್ಟೋ ಜನ ಮುಂದೆ ಬಂದರೂ ಕ್ಲಬ್ಬಿನವರು ಒಪ್ಪಿಲ್ಲವಂತೆ. ಒಪ್ಪುವುದಕ್ಕೆ ಅವರಿಗೇನು ಹುಚ್ಚೇ? ಬಾಕಿ ಇದ್ದರೇ ಅಲ್ವಾ ಕಥೆ.

ಒಳಗೆ ಹೋಗಬೇಕಾದರೆ ಸದಸ್ಯರ ಅತಿಥಿಯಾಗಿ ಹೋಗಬೇಕು. ನಿಮ್ಮ ಕಾಲೇಜಿನಲ್ಲಿ ಯಾರ ಮಾವನಾದರೂ ಸದಸ್ಯರಿದ್ದಾರಾ ಕೇಳಿ ನೋಡಿ. ಸಿಕ್ಕರೆ ಕಾಲರ್ ಇರುವ ಶರ್ಟು, ಶೂ ಹಾಕಿಕೊಂಡು ಹೋಗಿ. ಚಪ್ಪಲಿ ನಡೆಯುವುದಿಲ್ಲ.